ಕಿಟಕಿಯ ಟೋಪಿಯಲ್ಲಿದ್ದ ಹೆಸರು

ಎಳೆಮಕ್ಕಳ ಟೋಪಿ, ಕಂಬಳಿಗಳ ಮೇಲೆ ಹೆಸರು ಹೊಲಿದುಕೊಡುವ ಆಕೆಯನ್ನು ಬೀದಿಯವರೆಲ್ಲ ದಾರದಕ್ಕ ಎನ್ನುತ್ತಿದ್ದರು. ಕೂತಲ್ಲಿ ಕೂರುವ ಜಾಯಮಾನವಲ್ಲ ಆಕೆಯದು. ಒಂದಕ್ಷರ ಮುಗಿಯುವುದರೊಳಗೆ ಮೂರು ಸಲ ಬಾಗಿಲಿಗೆ ಹೋಗಿ ಇಣುಕಿ ಬರಬೇಕು. ಒಳಗೆ ಬಟ್ಟೆ ಕತ್ತರಿಸುವ ಗಂಡ, "ಕಾಲಿಗೇನು ಚಕ್ರ ಕಟ್ಕೊಂಡಿದ್ಯಾ?" ಎಂದು ರೇಗಿಸುತ್ತಿದ್ದ. ಅವನಿಗೇನು ಗೊತ್ತು, ಪಾಪ! ಹೊರಗೆ ಯಾವಳೋ ತಾಯಿ ಮಗನನ್ನು ಆ ಒಂದು ಹೆಸರು ಹಿಡಿದು ಕೂಗಿದರೆ ಇವಳ ಕಾಲು ತಾನಾಗಿ ಬಾಗಿಲಿಗೆ ಓಡುತ್ತಿತ್ತು. ಅದು ಇವಳ ಮಗನ ಹೆಸರು.

ಹನ್ನೆರಡು ವರ್ಷದ ಹಿಂದೆ ಹುಟ್ಟಿ, ಎರಡೇ ದಿನ ಇದ್ದು ಹೋದ ಕೂಸು. ಹೆಸರಿಲ್ಲದೆಯೇ ಹೋಯಿತೆಂದು ಮನೆಯವರೆಲ್ಲ ತಿಳಿದಿದ್ದರು. ಆದರೆ ಬಸುರಿಯಾಗಿದ್ದಾಗಲೇ ಇವಳು ಯಾರೂ ಕೇಳಿರದ ಮೂರಕ್ಷರ ಜೋಡಿಸಿ, ಟೋಪಿಯೊಂದರ ಮೇಲೆ ನೀಲಿ ದಾರದಲ್ಲಿ ಹೊಲಿದಿಟ್ಟಿದ್ದಳು. ಗಂಡನೆದುರೂ ತುಟಿ ಪಿಟಕ್ಕೆನ್ನಲಿಲ್ಲ. ಆ ಎರಡು ದಿನದ ಮಾತೆತ್ತಿದರೆ ಎದ್ದು ಹೋಗುವ ಗಂಡಸು ಅವನು. ಮರುವರ್ಷ ಇಬ್ಬರೂ ಸೇರಿ ಈ ಮಳಿಗೆ ತೆರೆದ ದಿನ ಅವನೇ ಆ ಟೋಪಿಯನ್ನು ಮಾದರಿ ಎಂದುಕೊಂಡು ಕಿಟಕಿಯಲ್ಲಿ ನೇತುಹಾಕಿದ. ಬೇಡ ಎನ್ನಲು ಇವಳಿಗೆ ಬಾಯಿ ಬರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ತುಂಬು ಬಸುರಿಯೊಬ್ಬಳು ಬಂದು, "ಅಕ್ಕಾ, ಎಷ್ಟು ಚೆನ್ನಾಗಿದೆ! ಇದನ್ನೇ ಇಡ್ತೀನಿ. ಅರ್ಥ ಏನು?" ಎಂದಳು. ದಾರದಕ್ಕ ತಬ್ಬಿಬ್ಬಾಗಿ, "ಬೆಳಕು ಅಂತ" ಎಂದುಬಿಟ್ಟಳು. ಬಾಯಿಗೆ ಬಂದದ್ದೇ ಅರ್ಥ! ಎರಡು ವರ್ಷದಲ್ಲಿ ಅದೇ ಹೆಸರಿನ ಹುಡುಗರು ಬೀದಿಗೆ ನಾಲ್ಕು, ಆಮೇಲೆ ಶಾಲೆಯೊಂದರಲ್ಲೇ ಹದಿನೈದು. ಮೊಬೈಲಿನ ಹೆಸರಿನ ಪಟ್ಟಿಗಳಲ್ಲೂ ಹತ್ತಿಕೂತಿತು: ಗಂಡು ಮಗು, ಅಪರೂಪ, ಪುರಾತನ, ಅರ್ಥ ಮೊದಲ ಬೆಳಕು. ಪುರಾತನವಂತೆ, ಅವರ ತಲೆ!

ಒಮ್ಮೊಮ್ಮೆ ಅವಳಿಗೆ ಖುಷಿಯೇ. ಒಮ್ಮೊಮ್ಮೆ, ನನ್ನ ಮಗನನ್ನು ಊರವರೆಲ್ಲ ಹಂಚಿಕೊಂಡು ನನಗೇ ಇಲ್ಲದಂತೆ ಮಾಡಿದರಲ್ಲಾ ಎಂಬ ಸಂಕಟ. ನನ್ನದು ಎನ್ನುವಂತಿಲ್ಲ, ಸುಮ್ಮನಿರುವಂತಿಲ್ಲ. ಬಾಯಲ್ಲಿ ಬಿಸಿ ತುಪ್ಪ.

ಮೊನ್ನೆ ಮಧ್ಯಾಹ್ನ ಗಿರಾಕಿಯೊಬ್ಬಳು ಹೋದ ವಾರವಷ್ಟೇ ಹೊಲಿಸಿದ್ದ ಕಂಬಳಿಯನ್ನು ಮೇಜಿಗೆ ಬಿಸುಟಳು.

"ಈ ಹೆಸರು ಬಿಚ್ಚಿ, ಬೇರೇದು ಹಾಕ್ಕೊಡಿ. ಎಲ್ಲಿ ಕಲ್ಲೆಸೆದ್ರೂ ಇದೇ ಹೆಸರಿನವನ ತಲೆ ಮೇಲೆ ಬೀಳತ್ತೆ. ನಮ್ಗೆ ಸಾಕಪ್ಪಾ!"

ದಾರದಕ್ಕ ಬಿಚ್ಚುವ ಸೂಜಿ ತೆಗೆದುಕೊಂಡಳು. ಮೊದಲ ಹೊಲಿಗೆಯಡಿ ತೂರಿಸಿದಳು. ಕೈ ಮುಂದೆ ಹೋಗಲೊಲ್ಲದು.

"ನನ್ ಕೈಲಾಗಲ್ಲ. ಹೊಸ ಕಂಬಳಿ ಪುಕ್ಕಟೆ ಕೊಡ್ತೀನಿ, ತಗೊಂಡ್ಹೋಗಿ."

"ಅಯ್ಯೋ, ಒಂದು ಹೆಸರಿಗೆ ಇಷ್ಟು ಆಡ್ತೀರಲ್ಲ! ಏನು, ನಿಮ್ಮಪ್ಪನ ಮನೆ ಗಂಟಾ?"

"ಹೂಂ ಕಣಮ್ಮ! ನನ್ ಮಗನ ಹೆಸರು ಅದು. ಮೊದಲು ಇಟ್ಟಿದ್ದು ಅವನಿಗೇ, ಆಮೇಲೆ ಊರಿಗೆ!"

ಒಳಗೆ ಕತ್ತರಿಯ ಸದ್ದು ನಿಂತಿತು. ಗಿರಾಕಿ ಕಂಬಳಿಯನ್ನು ಎದೆಗವಚಿಕೊಂಡು ಹೊರಟುಹೋದಳು. ಗಂಡ ಹೊರಗೆ ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತ. ಅರ್ಧ ಕತ್ತರಿಸಿದ ಬಟ್ಟೆ ಇನ್ನೂ ಅವನ ಕೈಯಲ್ಲೇ ಇತ್ತು.

"ಅವನಿಗೆ ಹೆಸರಿಟ್ಟಿದ್ಯಾ?"

"ಇಟ್ಟಿದ್ದೆ."

"ಹನ್ನೆರಡು ವರ್ಷ ಆಯ್ತಲ್ಲೇ. ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳ್ಲೇ ಇಲ್ಲ," ಎಂದಳು.