ರಫೂ ಅಕ್ಕನ ಹೊಸ ಕಣ್ಣು

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯಲ್ಲಿ ಕಿಟಕಿ ಪಕ್ಕದ ಸ್ಟೂಲು ರಫೂ ಅಕ್ಕನದು. ಹರಿದ, ಸುಟ್ಟ, ನುಸಿ ತಿಂದ ತೂತನ್ನು ಅದೇ ಬಟ್ಟೆಯ ಎಳೆ ಬಿಡಿಸಿ ನೇಯ್ದು ಮುಚ್ಚುವುದು ಅವಳ ಕಸುಬು. ಗಿರಾಕಿ ಬಂದಾಗ ಅಂಗಡಿ ಯಜಮಾನರು ಕೋಟು ಹರಡಿ, "ಎಲ್ಲಿ ಹರಿದಿತ್ತು, ತೋರ್ಸಿ ನೋಡೋಣ" ಎನ್ನುವರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ತೋರಿಸಿರಲಿಲ್ಲ. ಕಣ್ಣಿಗೆ ಬೀಳದಂತೆ ಮಾಡುವುದೇ ಕೆಲಸವಾದ್ದರಿಂದ ಅವಳೂ ಯಾರ ಕಣ್ಣಿಗೂ ಬಿದ್ದವಳಲ್ಲ.

ಬೀಳುತ್ತಿದ್ದುದು ಅವಳ ಕನ್ನಡಕ ಮಾತ್ರ. ಮೈನಸ್ ಏಳು. ಕೆಲಸಕ್ಕೆ ಕೂತಾಗ ಅದನ್ನು ತೆಗೆದಿಟ್ಟು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ ಕಾಣುತ್ತಿತ್ತು. ಮನೆಯವರಿಗೆ ಮಾತ್ರ ಅವಳು ಸೋಡಾಬುಡ್ಡಿ.

"ನಮ್ಮ ಅತ್ತಿಗೆ ಬರೋಕೆ ಮುಂಚೆ ಅವಳ ಬುಡ್ಡಿ ಬರುತ್ತೆ" ಎಂದು ನಾದಿನಿ ನಕ್ಕರೆ ಗಂಡನೂ ನಗುವನು. ರಫೂ ಅಕ್ಕನಿಗೆ ನಲವತ್ತೈದು ತುಂಬಿದ ವರ್ಷ, ಕನ್ನಡಕ ಹೋಗಲೆಂದು ಅವನೇ ಕಣ್ಣಿಗೆ ಲೇಸರ್ ಮಾಡಿಸಲು ಕರೆದೊಯ್ದ.

"ಏನು ಕೆಲಸ ಮಾಡ್ತೀರಮ್ಮ?" ಡಾಕ್ಟರು ಕೇಳಿದರು.

"ಕೆಲಸ ಏನ್ ಬಂತು, ಸೂಜಿ ಹಿಡ್ಕೊಂಡು ಕೂತಿರ್ತಾಳೆ. ಗೃಹಿಣಿ ಅಂತ ಬರ್ಕೊಳ್ಳಿ" ಎಂದ ಗಂಡ.

"ದೂರದ್ದು ಚೆನ್ನಾಗಿ ಕಾಣುತ್ತೆ. ಈ ವಯಸ್ಸಿಗೆ ಹತ್ತಿರದ್ದಕ್ಕೆ ಕನ್ನಡಕ ಬೇಕಾಗುತ್ತೆ. ಒಪ್ಪಿಗೆನಾ?"

ಅವಳಿಗೆ ನಗು ಬಂತು. ಹುಟ್ಟಿದಾಗಿನಿಂದ ಹತ್ತಿರದ್ದಕ್ಕೆ ಕನ್ನಡಕ ಬೇಡದವಳಿಗೆ ಇದ್ಯಾವ ಹೆದರಿಕೆ? ಸಹಿ ಹಾಕಿದಳು.

ಮೊದಲೆರಡು ದಿನ ಕಣ್ಣಲ್ಲಿ ಮೆಣಸಿನಪುಡಿ, ಆಮೇಲೆ ಒಂದು ವಾರ ಮರಳು. ದೀಪಗಳೆಲ್ಲ ಬಳೆ ತೊಟ್ಟುಕೊಂಡಂತೆ ಕಂಡವು. ಹನಿ ಹಾಕಿ ಹಾಕಿ, ತಿಂಗಳು ಕಳೆಯುವಷ್ಟರಲ್ಲಿ ಎದುರು ಮಹಡಿಯಲ್ಲಿ ಒಣಗಲು ಹಾಕಿದ ಅಂಗಿಯ ಗುಂಡಿ ಎಣಿಸತೊಡಗಿದಳು. ಗಾಯ ಚೆನ್ನಾಗಿ ಮಾಗಿದೆ ಎಂದರು ಡಾಕ್ಟರು.

ಸ್ಟೂಲಿಗೆ ಮರಳಿ, ಒಂದು ಕರಿ ಕೋಟನ್ನು ಮೂಗಿನ ಹತ್ತಿರ ಹಿಡಿದಳು. ಬರೀ ಮಂಜು. ದೂರ ಹಿಡಿದಳು, ಇನ್ನೂ ದೂರ, ತೋಳು ಪೂರ್ತಿ ಚಾಚುವವರೆಗೆ. ಹತ್ತಿರದ ಕನ್ನಡಕ ಹಾಕಿದರೆ ಕೋಟು ಕಂಡಿತು, ಎಳೆ ಕಾಣಲಿಲ್ಲ.

"ಮೊದಲೇ ಹೇಳಿದ್ದೆನಲ್ಲಮ್ಮ" ಎಂದರು ಡಾಕ್ಟರು, ಮತ್ತೆ ತೋರಿಸಲು ಹೋದಾಗ. "ಮೊದಲಿನ ಹಾಗೆ ಇನ್ನು ಕಾಣಲ್ಲ."

ಯಾರಿಗೂ ಹೇಳದೆ, ಬೆರಳಿನ ನೆನಪಿನಿಂದಲೇ ಕೋಟಿನ ತೂತು ಮುಚ್ಚಿದಳು.

ಶನಿವಾರ ಗಿರಾಕಿ ಬಂದ. ಯಜಮಾನರು ಎಂದಿನಂತೆ ಕೋಟು ಹರಡಿದರು. "ತೋರ್ಸಿ ನೋಡೋಣ."

ಅವನು ಬಗ್ಗುವ ಮೊದಲೇ, ಹತ್ತಡಿ ದೂರದ ಸ್ಟೂಲಿನಿಂದ ಅವಳಿಗೆ ಕಂಡಿತು: ಎದೆಯ ಮೇಲೆ ನರಹುಲಿಯಂತೆ ಎದ್ದು ಕೂತ ತನ್ನದೇ ರಫೂ. ಅಷ್ಟು ದೂರದಿಂದ ತನ್ನ ಕೆಲಸ ಅಷ್ಟು ಸ್ಪಷ್ಟವಾಗಿ ಅವಳಿಗೆ ಹಿಂದೆಂದೂ ಕಂಡಿರಲಿಲ್ಲ. ಗಿರಾಕಿಯ ಬೆರಳು ನೆಟ್ಟಗೆ ಅಲ್ಲಿಗೇ ಹೋಯಿತು.

ಯಜಮಾನರು ಬೈಯಲಿಲ್ಲ. "ಸೋಮವಾರದಿಂದ ಬಟ್ಟೆಗೆ ನಂಬರ್ ಚೀಟಿ ಕಟ್ಟೋದು ನೋಡ್ಕೊಳ್ಳಿ ಅಕ್ಕ. ಸ್ಟೂಲಿಗೆ ಬೇರೆಯವರನ್ನ ಹುಡುಕ್ತೀನಿ."

ಮನೆಗೆ ಬಂದಾಗ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಅತ್ತಿಗೆಯನ್ನು ಮೇಲಿಂದ ಕೆಳಗೆ ನೋಡಿ ಅಣ್ಣನಿಗೆ ಕೇಳುವಂತೆ ಹೇಳಿದಳು:

"ಏನೇ ಹೇಳು, ಮುಖ ಬೋಳು ಬೋಳು. ಬುಡ್ಡಿನೇ ಚೆನ್ನಾಗಿತ್ತು."

ಒಳಗೆ ಬಾಗಿಲಿಗೆ ಎದುರಾಗಿ ಕೂತಿದ್ದ ಗಂಡನೂ ನಕ್ಕ. ಗೇಟಿನ ಹತ್ತಿರವೇ ನಿಂತಿದ್ದ ರಫೂ ಅಕ್ಕನಿಗೆ ಇಬ್ಬರ ಹಲ್ಲೂ ಒಂದೊಂದಾಗಿ ಕಾಣುತ್ತಿದ್ದವು.