ಇಂದಿರಾ ಕಾಕುವಿನ ವಾಣ

ಫ್ರಿಜ್ಜಿನ ಹಿಂಬದಿಯ ಕಪ್ಪು ಜಾಲರಿಗೆ ಒದ್ದೆ ಬಟ್ಟೆಯ ಸಣ್ಣ ಗಂಟೊಂದು ತೂಗುತ್ತಿತ್ತು. ಒಳಗೆ ಮೆಣಸಿನಕಾಯಿ ಬೀಜ. ಪುಣೆಯ ಡಿಸೆಂಬರ್ ಚಳಿಗೆ ಮಣ್ಣಿನಲ್ಲಿ ಮಲಗಿಬಿಡುವ ಬೀಜ ಆ ಜಾಲರಿಯ ಬಿಸುಪಿಗೆ ಬೇಗ ಮೊಳೆಯುತ್ತದೆ ಎಂಬುದು ಇಂದಿರಾ ಕಾಕುವಿನ ಅನುಭವ. ಯಾರಾದರೂ ಹಣಿಕಿ ನೋಡಿದರೆ, "ಸರೀರಿ ಆ ಕಡೆ, ಬಾಣಂತಿ ಕೋಣಿ ಅದು" ಎನ್ನುತ್ತಿದ್ದರು.

ಕೋಥರೂಡದ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಎರಡೇ, ನಮ್ಮದು ಮತ್ತು ಕೆಳಮಹಡಿಯ ಕಾಕುವಿನದು. ಚಿಕ್ಕಮ್ಮನಿಗೆ ಇಲ್ಲಿ ಕಾಕು ಎನ್ನುತ್ತಾರೆ, ಎಲ್ಲರಿಗೂ ಅವರು ಕಾಕುವೇ. ಗಂಡ ಬೇಗ ತೀರಿಕೊಂಡ ಮೇಲೆ ಅವರು ಕಚೇರಿಯೊಂದರಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾಗಿದ್ದರು. ತಾರಸಿಯ ಮೇಲೆ ಬಿದಿರು, ಪ್ಲಾಸ್ಟಿಕ್ ಹಾಳೆಗಳಿಂದ ಕಟ್ಟಿಸಿದ್ದ ಅವರ ಹಸಿರುಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿರಲಿಲ್ಲ. ಬಿಸಿಲೇರಿದೊಡನೆ ಬದಿಯ ಹಾಳೆ ಸುತ್ತಿ ಕಟ್ಟುವುದು, ಬಿಸಿಲು ಇಳಿಯುವ ಮೊದಲೇ ಬಿಡುವುದು. ಕಚೇರಿಯ ಶಿಸ್ತು ಅಲ್ಲಿಗೂ ಬಂದಿತ್ತು. ಎಂ.ಎಸ್‌ಸಿ. ಪುಸ್ತಕ ಹಿಡಿದು ಅಲ್ಲಿ ಕೂರುತ್ತಿದ್ದ ನಾನು ನೀರು ಹಾಕುವ ಝಾರಿ ಎತ್ತಿಕೊಂಡರೆ ಸಾಕು, "ಏ ಹುಡುಗಿ, ಕೈ ತಡಿ. ಸಸಿ ನೀರಡಿಸಿ ಸಾಯೂದು ಕಡಿಮಿ, ಅಕ್ಕರತಿಗೆ ಸಾಯೂದ ಭಾಳ" ಎಂದು ಗದರುತ್ತಿದ್ದರು.

ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಇಲ್ಲಿ ಒಂದು ಸಣ್ಣ ಉಡುಗೊರೆ ಕೊಡುತ್ತಾರೆ. ಅದನ್ನು ವಾಣ ಎನ್ನುತ್ತಾರೆ. ಎಲ್ಲರ ಮನೆಯಲ್ಲೂ ಹಾಗೆ ಬಂದ ಪ್ಲಾಸ್ಟಿಕ್ ಡಬ್ಬಿಗಳು ತುಂಬಿದ್ದವು. ಆ ವರ್ಷ ಅವ್ವ ಎಲ್ಲರನ್ನೂ ಕರೆದಾಗ, ಕಾಕುವಿನ ಸಸಿಗಳನ್ನೇ ಕೊಡೋಣ ಎಂದೆ. ಅವ್ವ ಒಪ್ಪಿದಳು.

ಕಾಕು ಹಾಲಿನ ಖಾಲಿ ಚೀಲಗಳನ್ನು ತೊಳೆದು ಮಣ್ಣು ತುಂಬಿದರು. ಬದನೆ, ಮೆಣಸಿನಕಾಯಿ, ಚೆಂಡುಹೂ. ಚಳಿ ಹೆಚ್ಚಿದ ದಿನಗಳಲ್ಲಿ ಹಾಳೆಯ ಮೇಲೆ ತಮ್ಮ ಹಳೆಯ ಕಂಬಳಿ ಹೊದಿಸಿದರು. "ಮಂದಿ ಒಯ್ದು ಒಗದ್ರ ಏನ್ ಮಾಡ್ಲೇ?" ಎಂದು ಒಮ್ಮೆ ಕೇಳಿದರು. ಒಗೆಯುವುದಿಲ್ಲ ಎಂದೆ. "ಹಂಗಾದ್ರ ಈ ಸಲ ಎಲ್ಲಾರ ಕಿಟಕ್ಯಾಗೂ ನನ್ನ ಗಿಡ ಕಾಣಬೇಕು ನೋಡು." ಅವರು ಏನನ್ನಾದರೂ ಬಯಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಸಿ ತರಲು ಹೋದ ಅವ್ವ, "ಕಾಕು, ಎಲ್ಲಾರೂ ಹೋದಮ್ಯಾಲ ಊಟಕ್ಕ ಬರ್ರಿ" ಎಂದಳು.

"ಆತು" ಎಂದರು ಕಾಕು.

ಆದರೆ ಅರಿಶಿನ-ಕುಂಕುಮದ ನಡುವೆಯೇ ಬಂದರು. ಪಕ್ಕದ ಕಟ್ಟಡದ ಹೊಸ ಸೊಸೆಯೊಬ್ಬಳು, ಏನೂ ತಿಳಿಯದವಳು, ಬಾಗಿಲಲ್ಲಿ ನಿಂತ ಕಾಕುವನ್ನು ಕಂಡು ಕುಂಕುಮದ ಬೆರಳು ಚಾಚಿದಳು. ಅವ್ವ ಅವಳ ಮಣಿಕಟ್ಟು ಹಿಡಿದು, "ಅವರಿಗೆ ಬೇಡ" ಎಂದು ಮರಾಠಿಯಲ್ಲಿ ಹೇಳಿದಳು. ನಗುತ್ತಲೇ ಹೇಳಿದಳು. ಎಳ್ಳು-ಬೆಲ್ಲದ ತಟ್ಟೆ ಹಿಡಿದಿದ್ದ ನನಗೆ ಆ ನಗೆಯ ಮಗಳಾಗಿ ನಿಂತಿರುವುದೇ ಕಷ್ಟವಾಯಿತು. ಕಾಕು ಒಂದು ಹೆಜ್ಜೆ ಹಿಂದೆ ಸರಿದು, ಇವತ್ತು ಸಸಿಗಳಿಗೆ ನೀರು ಹಾಕಬೇಡಿ, ಮುಂಜಾನೆಯ ಬಿಸಿಲು ಬೀಳುವಲ್ಲಿ ಇಡಿ ಎಂದು ಮರಾಠಿಯಲ್ಲಿ ಎಲ್ಲರಿಗೂ ತಿಳಿಸಿ ಇಳಿದುಹೋದರು.

ಬಂದವರು ಹೊರಟ ಮೇಲೆ ನೋಡಿದರೆ ಮೆಟ್ಟಿಲುಗಳ ಅಂಚಿನಲ್ಲಿ ಸಸಿಗಳು ನಿಂತಿದ್ದವು. ವಿಧವೆಯ ಕೈಯ ವಾಣವನ್ನು ಮನೆಯೊಳಗೆ ಒಯ್ಯುವವರು ಯಾರು?

"ನೀ ಯಾಕ ಮಾರಿ ಸಣ್ಣ ಮಾಡ್ತಿ?" ಎಂದಳು ಅವ್ವ. "ನಾ ಏನರ ಹೊಸಾದು ಮಾಡೀನೇನು? ಅಪ್ಪ ಹೋದಮ್ಯಾಲ ನಮ್ಮವ್ವಗೂ ಯಾರೂ ಕುಂಕುಮ ಹಚ್ಚಲಿಲ್ಲ."

ಕೆಳಗಿಳಿದೆ. ಕಾಕು ಆಗಲೇ ಒಂದೊಂದನ್ನೇ ಎತ್ತಿ ಬುಟ್ಟಿಗಿಡುತ್ತಿದ್ದರು. ಅವರು ಬೆರಳಿನಿಂದ ಮಣ್ಣು ಮುಟ್ಟಿ ನೋಡಿ, "ನೋಡು, ಒಬ್ಬಾಕಿನೂ ನೀರ ಹಾಕಿಲ್ಲ. ಅಷ್ಟರ ಮಾತು ಕೇಳ್ಯಾರ" ಎಂದರು.

ಬೇಸಿಗೆಯಲ್ಲಿ ಅವರು ಇಂದಾಪುರಕ್ಕೆ, ತಂಗಿಯ ಮನೆಗೆ ಹೋದರು. ಮತ್ತೆ ಬರಲಿಲ್ಲ. ಅವರ ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಅವ್ವನೊಡನೆ ಆ ಮಾತು ನಾನು ಎತ್ತಿಲ್ಲ.

ಅರಿಶಿನ-ಕುಂಕುಮದ ಮರುದಿನ ಬೆಳಿಗ್ಗೆ ಮಾತ್ರ ಕಾಕುವನ್ನು ಕೇಳಿ ಆ ಬುಟ್ಟಿ ಎತ್ತಿಕೊಂಡೆ. ಯಾರ ಮನೆಗೂ ಕರೆಯದೆ ಹೋದವಳಲ್ಲ ನಾನು. ಮೊದಲ ಮನೆಯ ಬೆಲ್ ಒತ್ತಿದೆ. "ಇದು ಇಂದಿರಾ ಕಾಕು ಬೆಳೆಸಿದ್ದು" ಎಂದು ಮರಾಠಿಯಲ್ಲಿ ಹೇಳಿ, ಬಾಗಿಲು ತೆರೆದವರು ಕೈ ಚಾಚುವವರೆಗೂ ಅಲ್ಲೇ ನಿಂತೆ.