ಕೌದಿಯ ಜೊತೆ ಸುಟ್ಟದ್ದು

ನಿಜಾಮ ಸರಕಾರದ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದೆ, ಅಂದರೆ ಡಾಕ್ಟರ್ ಸಾಹೇಬರು ಹೇಳಿದ ಔಷಧಿ ಕಲಸಿ ಕೊಡುವವನು. ಎರಡನೆಯ ಸಲ ಪ್ಲೇಗು ಬಂದ ವರ್ಷ ನನ್ನನ್ನು ನಿಲಂಗಾದಿಂದ ಎಬ್ಬಿಸಿ ಔರಾದ ಶಹಾಜನಿಯ ಹೊರಗಿನ ಕ್ಯಾಂಪಿಗೆ ಹಾಕಿದರು. ಕ್ಯಾಂಪ್ ಎಂದರೇನು, ಜೋಳದ ಕಣಿಕೆ ಹೊದಿಸಿದ ಹನ್ನೊಂದು ಗುಡಿಸಲು, ಸುತ್ತ ಒಂದು ಹಗ್ಗ. ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಯಾರು ಹೋಗುತ್ತೀರಿ ಎಂದು ಸಾಹೇಬರು ಕೇಳಿದಾಗ ಮಿಕ್ಕವರೆಲ್ಲ ನೆಲ ನೋಡಿದರು. ಹಿಂದೆ ಅಳುವವರಿಲ್ಲದ ನಾನೇ ಕೈ ಎತ್ತಿದೆ.

ಮೊದಲ ಸಲದ ಪ್ಲೇಗಿನಲ್ಲಿ ನನ್ನ ಹೆಂಡತಿ ಹೋಗಿದ್ದಳು. ನಮ್ಮ ಲಿಂಗವಂತರ ಪದ್ಧತಿಯಂತೆ ಆಕೆಯ ಇಷ್ಟಲಿಂಗವನ್ನು ಆಕೆಯ ಅಂಗೈಯಲ್ಲಿಟ್ಟೇ ಮಣ್ಣು ಕೊಟ್ಟೆ. ಮನೆಗೆ ಬಂದು ನನ್ನ ಕೊರಳಿನದನ್ನೂ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ. ಶಿವನ ಮೇಲೆ ಅಷ್ಟು ಸಿಟ್ಟು! ಹೀಗಾಗಿ ಕ್ಯಾಂಪಿನ ನನ್ನ ಗುಡಿಸಲಿನಲ್ಲಿ ಮಾತಾಡಲು ಮನುಷ್ಯರೂ ಇರಲಿಲ್ಲ, ದೇವರೂ ಇರಲಿಲ್ಲ.

ರೋಗಿಗಳಲ್ಲಿ ನೀಲವ್ವ ಎಂಬ ಮುದುಕಿ ಒಬ್ಬಳಿದ್ದಳು, ಒಕ್ಕಲುತನದ ಮನೆಯವಳು. ಬಗಲಲ್ಲಿ ಪ್ಲೇಗಿನ ಗಡ್ಡೆ, ಅರಿವು ತಪ್ಪಿಸುವ ಜ್ವರ. ಐದನೆಯ ದಿನ ಗಡ್ಡೆ ಒಡೆದು ಜ್ವರ ಇಳಿಯಿತು. ಹಾಗೆ ಉಳಿಯುವವರು ಅಪರೂಪ, ನಾನು ಹಿಗ್ಗಿಹೋದೆ. ರೋಗಿಯ ಹೊದಿಕೆ ಸುಡಬೇಕೆಂಬುದು ಹುಕುಂ. ಆಕೆ ನಿದ್ದೆಯಲ್ಲಿದ್ದಾಗಲೇ ಕೌದಿ ಎಳೆದು ಬೆಂಕಿಗೆ ಹಾಕಿದೆ.

ಎಚ್ಚರಾದವಳೇ ಎದೆ ತಡಕಿದಳು, ಆಮೇಲೆ ಹಾಸಿಗೆ ತಡಕಿದಳು.

"ತಮ್ಮಾ, ನನ್ನ ಕೌದಿ ಎಲ್ಲದ?"

"ಸುಟ್ಟೀನಿ ಆಯಿ. ಸರಕಾರಿ ಹುಕುಂ ಅದ."

"ಅಯ್ಯ ಶಿವನೇ! ಶಿವದಾರ ಗಡ್ಡಿಗಿ ಒತ್ತತಿತ್ತಂತ ಲಿಂಗ ಬಿಚ್ಚಿ ಕೌದಿ ಮೂಲ್ಯಾಗ ಗಂಟ ಹಾಕಿದ್ನೋ!"

ಬೆಂಕಿ ಹಾಕಿದ ಕಡೆ ಓಡಿದೆ. ನಾನು ಲಿಂಗ ಕಟ್ಟಿಕೊಂಡವನಾಗಿದ್ದರೆ ಮೊದಲು ಆಕೆಯ ಕೊರಳು ನೋಡುತ್ತಿದ್ದೆ. ಬಿಚ್ಚಿಟ್ಟವನಿಗೆ ಅದರ ನೆನಪಾದರೂ ಎಲ್ಲಿಂದ ಬರಬೇಕು? ಬೂದಿಯನ್ನೆಲ್ಲ ಕೆದರಿದೆ. ಸಿಕ್ಕಿತು, ಆದರೆ ಕಾವಿಗೆ ಎರಡು ಹೋಳಾಗಿತ್ತು. ಒಡೆದ ಲಿಂಗ ಪೂಜೆಗೆ ಬಾರದು. ಪೂಜೆ ಆಗದೆ ಆಕೆ ಹನಿ ನೀರೂ ಮುಟ್ಟುವವಳಲ್ಲ. ಜ್ವರ ಹೀರಿದ ಮೈ, ನೀರಿಲ್ಲದೆ ಎಷ್ಟು ಹೊತ್ತು ಉಳಿದೀತು? ಪ್ಲೇಗು ಬಿಟ್ಟುಕೊಟ್ಟವಳನ್ನು ನಾನೇ ಕೊಂದಂತಾಗುತ್ತಿತ್ತು.

ಹೊಸ ಲಿಂಗ ಕೊಡಬೇಕಾದವರು ಆಕೆಯ ಗುರುಗಳಾದ ಅಯ್ಯನವರು. ಅವರೋ ಪ್ಲೇಗಿಗೆ ಅಂಜಿ ಉದಗೀರದ ಕಡೆ ಹೋಗಿದ್ದಾರೆಂದು ಹಗ್ಗದ ಆಚೆಯಿಂದ ಸುದ್ದಿ ಬಂತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆಕೆಯ ತುಟಿಗಳು ಒಣಗಿ ಬಿರಿದಿದ್ದವು. ತಡೆಯಲಾರದೆ, ಮನೆಯಿಂದ ಜೊತೆಗೆ ತಂದಿದ್ದ ಪೆಟ್ಟಿಗೆ ತೆಗೆದು ನನ್ನ ಲಿಂಗ ತಂದು ಹಿಡಿದೆ.

"ಇದರ ಪೂಜಿ ಮಾಡ ಆಯಿ. ನಿನ್ನ ಕಾಲ ಬೀಳ್ತೀನಿ, ನೀರ ಕುಡಿ."

"ಹುಚ್ಚಪ್ಪಾ, ನಿನ್ನ ಗುರು ನಿನಗ ಕೊಟ್ಟಿದ್ದು ನನಗ ಹ್ಯಾಂಗ ನಡೀತದ? ಅದು ಪೆಟಗ್ಯಾಗ ಯಾಕ ಇತ್ತು?"

ಹೆಂಡತಿಯ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಆಕೆ ಎಲ್ಲ ಕೇಳಿ, "ವಿಭೂತಿ ಅದ ಏನು?" ಎಂದಳು. ಪೆಟ್ಟಿಗೆಯಲ್ಲಿತ್ತು, ತಂದುಕೊಟ್ಟೆ. ಹಣೆಗೆ ಹಚ್ಚಿಕೊಂಡಳು, ಎಡ ಅಂಗೈಗೂ ಹಚ್ಚಿದಳು. ಬರಿಯ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದನ್ನೇ ನೋಡುತ್ತ ಬಹಳ ಹೊತ್ತು ಕುಳಿತಳು.

"ಆಯಿ, ಕೈಯಾಗ ಏನೂ ಇಲ್ಲಲ್ಲ" ಎಂದೆ.

"ಹುಟ್ಟಿದಾಗಿಂದ ಇಲ್ಲೇ ಕೂತಂವಾ ಒಂದ ದಿನದಾಗ ಎದ್ದ ಹೋಗ್ತಾನೇನು? ಅಯ್ಯನವರು ಬರೂ ತನಕ ಹೀಂಗೇ ಕೂಡ್ತಾನ. ನೀ ನಿಂದು ನೋಡ್ಕೊ. ಲಿಂಗ ಇದ್ದೂ ನಿನ್ನ ಅಂಗೈ ಖಾಲಿ ಅದ." ಆಮೇಲೆ ಮೆಲ್ಲಗೆ ಅಂದಳು: "ಈಗ ನೀರ ತಾ."

ನೀಲವ್ವ ಬದುಕಿದಳು. ಅಲ್ಲಿಂದ ಮುಂದೆ ನೌಕರಿ ಇದ್ದಷ್ಟು ದಿನ, ರೋಗಿಯ ಹರಕು ಬಟ್ಟೆಯನ್ನೂ "ಇದರಾಗ ಏನದ?" ಎಂದು ಕೇಳದೆ ನಾನು ಸುಡಲಿಲ್ಲ. ಔಷಧಿ ಕಲಸುವವನಿಗೆ ಆ ಕೆಲಸ ಕಲಿಸಿದ್ದು ಅಷ್ಟೇ, ಮೊದಲು ಕೇಳಬೇಕು.

ನೀಲವ್ವ ನೀರು ಕುಡಿದ ಮರುದಿನ ಬೆಳಿಗ್ಗೆ ನಾನೂ ಲಿಂಗವನ್ನು ಅಂಗೈಯಲ್ಲಿಟ್ಟು ಗುಡಿಸಲಿನ ಬಾಗಿಲಲ್ಲಿ ಕುಳಿತೆ. ಮಂತ್ರ ಬಾಯಿಗೆ ಬರಲಿಲ್ಲ. "ಶಿವನೇ, ನಾ ಸಿಟ್ಟಾಗಿದ್ದೆ" ಎಂದಷ್ಟೇ ಹೇಳಿದೆ. ತಲೆ ಎತ್ತಿದರೆ ಎದುರು ಗುಡಿಸಲಿನಲ್ಲಿ ನೀಲವ್ವ ಬರಿಗೈ ಹಿಡಿದು ಕುಳಿತಿದ್ದಳು. ಆ ಹಗ್ಗದೊಳಗೆ ಅವತ್ತು ನಾನು ಒಬ್ಬನೇ ಅನ್ನಿಸಲಿಲ್ಲ.